ನಿನ್ನ ಹೊದಿಕೆಯೊಳಗಿಂದ ಬಂದದ್ದು

ಅಕ್ಕಾ,

ನೀನು ತೀರಿಹೋಗಿ ನಾಲ್ಕು ತಿಂಗಳಾಯಿತು. ನನಗೀಗ ಸರ್ಪಸುತ್ತು. ಮೊದಲು ಸೊಂಟ ಉರಿದಾಗ ಲಂಗದ ಪಟ್ಟಿ ಬಿಗಿಯಾಯಿತೆಂದು ಎರಡು ಸಲ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ದರ್ಜಿಯ ಬುದ್ಧಿ ಓಡುವುದೇ ಅಷ್ಟು. ಆಮೇಲೆ ಗುಳ್ಳೆಗಳು ಎದ್ದವು. ಬೆನ್ನುಮೂಳೆಯಿಂದ ಹೊರಟು ಒಂದೇ ಪಕ್ಕ ಸುತ್ತಿ, ಹೊಕ್ಕುಳದ ಹತ್ತಿರ ನಟ್ಟನಡುವೆ, ಆಚೆ ಪಕ್ಕಕ್ಕೆ ದಾಟದೆ ನಿಂತುಬಿಟ್ಟಿವೆ. ನೋವು ಮರೆತು ಕನ್ನಡಿಯಲ್ಲಿ ನೋಡಿದೆ. ಬಟ್ಟೆ ಮಡಿಸಿ ಗೆರೆ ಎಳೆದರೂ ನನಗೆ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

"ಚಿಕ್ಕೋರಿದ್ದಾಗ ಚಿಕನ್‌ಪಾಕ್ಸ್ ಆಗಿತ್ತಾ?" ಎಂದರು ಡಾಕ್ಟರಮ್ಮ.

ಆಗಿತ್ತು. ಮೊದಲು ನಿನಗೆ ಬಂದಿತ್ತು; ಹತ್ತಿರ ಹೋಗಬೇಡವೆಂದು ಅಮ್ಮ ಗದರಿದರೂ ನಿನ್ನ ಹೊದಿಕೆಯೊಳಗೆ ನುಸುಳಿದ್ದೆ. ನೀನು ಜರುಗಿ ಜಾಗ ಕೊಟ್ಟಿದ್ದೆ. ಆ ವೈರಸ್ಸೇ ಐವತ್ತು ವರ್ಷ ನನ್ನ ನರದ ಬುಡದಲ್ಲಿ ಮಲಗಿತ್ತಂತೆ! ವಯಸ್ಸಾದರೆ, ದೇಹದ ತಡೆಯುವ ಶಕ್ತಿ ಕುಗ್ಗಿದರೆ ಏಳಬಹುದಂತೆ. ನೀನು ಕೊಟ್ಟ ಬೇರೆ ಯಾವುದನ್ನೂ ನಾನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿಲ್ಲ.

"ಈಚೆಗೆ ಮನಸ್ಸಿಗೇನಾದ್ರೂ ಪೆಟ್ಟು ಬಿದ್ದಿತ್ತಾ? ಕೆಲವರಿಗೆ ಅದೂ ಕಾರಣ ಆಗ್ಬಹುದು."

"ಅಂಥದ್ದೇನಿಲ್ಲ," ಎಂದೆ.

"ನಾಲ್ಕು ದಿನ ಬಂದಿರ್ತೀನಿ ಕಣೇ" ಎಂದು ನೀನು ಕಡೆಯ ಸಲ ಫೋನಿನಲ್ಲಿ ಕೇಳಿದಾಗಲೂ ಹೀಗೇ ಥಟ್ಟನೆ ಹೇಳಿದ್ದೆ: "ಕೂರೋಕೂ ಜಾಗ ಇಲ್ಲ ಅಕ್ಕಾ, ಮನೆ ತುಂಬ ಬಟ್ಟೆ."

ಏಳುವಾಗ ಡಾಕ್ಟರಮ್ಮ ಹೇಳಿದರು: "ಗುಳ್ಳೆ ಒಣಗತ್ತೆ. ವೈರಸ್ ಮಾತ್ರ ಹೋಗಲ್ಲ, ಮತ್ತೆ ಅಲ್ಲೇ ಮಲಗತ್ತೆ."

ಮಲಗಲಿ ಅಕ್ಕಾ. ಜಾಗ ಇದೆ.