ತೊಡೆ ಕೊಟ್ಟವನು

ಪಾರ್ವತಿನಗರ, ಬಳ್ಳಾರಿ
12-11-1979

ಚನ್ನವೀರಮ್ಮಾ,

ತೊಡೆ ಕೊಟ್ಟವನು ಕಾರು ಕೊಟ್ಟರೆ ತಪ್ಪೇನು ಎಂದೆಯಲ್ಲ, ಅದರ ಮುಂದೆಯೂ ನೀನು ಏನೋ ಹೇಳಿದ್ದೆ. ಸಿರುಗುಪ್ಪದ ಬಸ್ ನಿಲ್ದಾಣದ ಗದ್ದಲದಲ್ಲಿ ನನಗೆ ಅಷ್ಟೇ ಕೇಳಿಸಿತು. ನಮ್ಮ ಮರಿಬಸನ ಜಾವಳಕ್ಕೆ, ಕಿವಿ ಚುಚ್ಚುವುದಕ್ಕೆ ಸೋದರಮಾವನ ತೊಡೆಯೇ ಆಗಬೇಕು, ಒಪ್ಪಿದೆ. ಎರಡು ಸಲವೂ ಮಗು ಅಳುತ್ತ ನಿನ್ನ ಅಣ್ಣ ಜಂಬಣ್ಣನ ಅಂಗಿಯನ್ನೇ ಹಿಡಿದುಕೊಂಡಿತ್ತು. ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದೆ. ಆದರೆ ಹದಿನೆಂಟು ತುಂಬಿದ ಹುಡುಗನಿಗೆ ಕಾರು ಕೊಡಿಸುವುದು ಯಾವ ಶಾಸ್ತ್ರ?

ಡಿಗ್ರಿ ಮುಗಿಯಲಿ, ನಾನೇ ಕೊಡಿಸುತ್ತೇನೆ ಎಂದು ಅವನಿಗೆ ಹೇಳಿದ್ದೆ. ನೀನು ಅವನನ್ನು ಕರೆದುಕೊಂಡು ತವರಿಗೆ ಹೋದ ಮೇಲೆ ನಾನು ಅವನಿಗೆ ಕೊಡಲಾದದ್ದು ಅದೊಂದೇ ಮಾತು. ಕಾಲೇಜಿನ ಮೇಷ್ಟ್ರು ಕೂಡಿಡುವುದಕ್ಕೆ ವರ್ಷಗಳು ಬೇಕು. ನಿನ್ನ ಅಣ್ಣನಂಥ ಅಕ್ಕಿ ಗಿರಣಿಯವನಿಗೆ ಒಂದು ಸುಗ್ಗಿ ಸಾಕು. ಇರಲಿ. ಕಾರಿನ ಪೂರ್ತಿ ಬೆಲೆ ನಾನು ಕೊಡುತ್ತೇನೆ, ಕಂತಿನಲ್ಲಾದರೂ. ಜಂಬಣ್ಣನಿಗೆ ಹೇಳು. ಬರೆಯಲು ಕೂತದ್ದೇ ಅದಕ್ಕೆ.

ನಿನ್ನೆ ಮಾವ-ಅಳಿಯ ಇಬ್ಬರೂ ಬಂದಿದ್ದರು, ಕುರುಗೋಡಿನಲ್ಲಿ ಪೂಜೆ ಮಾಡಿಸಿ, ಹಳೆಯ ಫಿಯೆಟ್ಟಿನ ಮೂತಿಗೆಲ್ಲ ವಿಭೂತಿ ಬಳಿದುಕೊಂಡು. ಎದುರುಮನೆಯ ಸಾವಂತ್ರಮ್ಮ, "ಮೇಷ್ಟ್ರ, ಮಗನಿಗೆ ಕಾರ್ ಕೊಡಿಸೀರಿ, ನಮಗ ಪೇಡೆ ಇಲ್ಲೇನ್ರಿ?" ಎಂದರು. ನಾನು ಅಲ್ಲವೆನ್ನಲಿಲ್ಲ. ಜಂಬಣ್ಣನೂ ಅಲ್ಲವೆನ್ನದೆ ನಕ್ಕ. ಅವನು ಅಲ್ಲವೆಂದಿದ್ದರೆ ನನಗೆ ಹಿತವಾಗುತ್ತಿತ್ತು.

ಒಂದು ಸುತ್ತು ಹೋಗಿಬರೋಣವೆಂದು ಅವನೇ ಇಳಿದು ಮುಂದಿನ ಬಾಗಿಲು ತೆರೆದ. "ಬರ್ರಿ ಮೇಷ್ಟ್ರ, ಮಗನ ಬಾಜೂಕ ಕುಂದರ್ರಿ." ಅವನು ಬಿಟ್ಟುಕೊಟ್ಟ ಜಾಗ ನನಗೆ ಬೇಡವಾಯಿತು. ಹಿಂದೆ ಕೂತು, ಕೊಳಗಲ್ಲಿನವರೆಗೂ ಅವರಿಬ್ಬರ ಕತ್ತು ನೋಡುತ್ತ ಹೋದೆ.

"ಕ್ಲಚ್ ಮ್ಯಾಲಿಂದ ಕಾಲ್ ತಗಿಯಲೇ, ನಿಮ್ಮಜ್ಜಿ ಕಾಲ್ ಒತ್ತಾಕ ಹತ್ತೀಯೇನು?"

"ಸುಮ್ಕಿರು ಮಾವ, ನೀ ಓಡಿಸಿದ್ರ ಎಮ್ಮಿನೂ ನಮ್ಮನ್ನ ಹಿಂದ ಹಾಕ್ತಾವ."

ನನ್ನೊಡನೆ ಅವನು ಎಂದೂ ಹೀಗೆ ಜಗಳವಾಡಿಲ್ಲ. ಅಪ್ಪನೆಂದರೆ ಅವನಿಗೆ ಬರೀ ಮರ್ಯಾದೆ.

ತಿರುಗಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನನ್ನತ್ತ ತಿರುಗಿದ. "ಅಪ್ಪಾಜಿ, ಪೆಟ್ರೋಲ್ ನೀವು ಹಾಕಸ್ರಿ." ಜಂಬಣ್ಣ ಕಿಟಕಿಯಾಚೆ ನೋಡುತ್ತಿದ್ದ. ನಾನು ಇಳಿದು, ಸ್ವಲ್ಪ ಜೋರಾಗಿಯೇ, ಟ್ಯಾಂಕು ತುಂಬಿಸು ಎಂದೆ. ಅಲ್ಲಿಂದ ಮನೆಯವರೆಗೆ ಮುಂದೆ ಕೂತವನು ನಾನು, ಜಂಬಣ್ಣ ಹಿಂದೆ. ಇದನ್ನು ಅವನು ನಿನಗೆ ಹೇಳಿರಲಾರ.

ಬೆಲೆಯ ವಿಷಯ ಮರೆಯಬೇಡ.

ಇನ್ನೂ ನಿನ್ನ ಗಂಡನೇ ಆಗಿರುವ,
ಗವಿಸಿದ್ದಪ್ಪ

ತಾ.ಕ.: ಒಂದನ್ನು ಬರೆಯದೆ ಬಿಟ್ಟಿದ್ದೆ. ಬಂಕಿನವನು ಪೈಪು ಇಟ್ಟವನೇ ತೆಗೆದ. "ಸರ್, ಟ್ಯಾಂಕ್ ತುಂಬೇ ಐತ್ರಿ. ಮುಂಜಾನಿ ಇವರೇ ತುಂಬಿಸಿಕೊಂಡು ಹೋದ್ರಲ್ರಿ." ಆದರೂ ಹಾಕು ಎಂದೆ. ನೆಲಕ್ಕೆ ಚೆಲ್ಲಿತು, ಚೆಲ್ಲಿದ್ದಕ್ಕೂ ನಾನೇ ಕೊಟ್ಟೆ. ಕಾರಿನೊಳಗೆ ಇಬ್ಬರೂ ಏನೂ ಕೇಳಿಸದವರ ಹಾಗೆ ಕೂತಿದ್ದರು. ಅವನನ್ನು ಕೇಳಲು ಆಗಲಿಲ್ಲ: ಮರಿಬಸಾ, ಪೆಟ್ರೋಲಿಗೆ ನನ್ನನ್ನು ಕೇಳಬೇಕೆಂದು ನಿನಗೇ ಅನಿಸಿತೇನಪ್ಪ, ಇಲ್ಲಾ ಮಾವ ಹೇಳಿಕೊಟ್ಟನೇ?