ಜುಲೈ ತಿಂಗಳ ಮಂಜುಗಡ್ಡೆ

ಕೂಮ್‌ಗ್ವಿನ್, ದಕ್ಷಿಣ ವೇಲ್ಸ್
ನವೆಂಬರ್ 9, 2016

ಪ್ರೀತಿಯ ತಮ್ಮ ಗೆಥಿನ್,

ಹೇಗಿದ್ದೀಯೋ? ಕೈ ನಡುಕ ಕಡಿಮೆಯಾಗಿರಬೇಕು. ಈ ಸಲದ ನಿನ್ನ ಕಾಗದದಲ್ಲಿ ಅಕ್ಷರಗಳು ಗೆರೆ ಬಿಟ್ಟು ಇಳಿದಿರಲಿಲ್ಲ. ನಿದ್ದೆ ಬರುತ್ತಿದೆಯೇ? ಅಲ್ಲಿನ ಸೂಪು ಬರೀ ನೀರು ಎಂದು ಬರೆದಿದ್ದೀಯ. ಅಡುಗೆಯನ್ನು ಬೈಯುವಷ್ಟು ನಾಲಿಗೆಗೆ ರುಚಿ ಬಂತಲ್ಲ, ನನಗೆ ಅದೇ ಸಮಾಧಾನ. ನಿನ್ನ ನಾಯಿ ದಿನಾ ಸಂಜೆ ನನ್ನನ್ನು ಪಬ್ಬಿನ ಬಾಗಿಲಿಗೆ ಎಳೆದುಕೊಂಡು ಹೋಗಿ ಕೂತುಬಿಡುತ್ತದೆ. "ಏನ್ ನೆಸ್ಟಾ, ತಮ್ಮನ ಡ್ಯೂಟಿ ನಿಂಗೆ ಬಂತಾ?" ಎಂದು ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಏನು ಮಾಡಲಿ.

"ನಮ್ಮ ಆಸ್ಪತ್ರೆಯಲ್ಲೇ ಕುಡಿತ ಬಿಡಿಸುವ ವಾರ್ಡು ಇತ್ತಲ್ಲ, ನನ್ನನ್ನೇಕೆ ನಾಲ್ಕು ಗಂಟೆ ದಾರಿಯ ಈ ಕಡಲ ದಂಡೆಗೆ ತಂದು ಹಾಕಿದರು" ಎಂದು ಕೇಳಿದ್ದೀಯ. ಹೋದ ವರ್ಷ ಅದನ್ನು ಮುಚ್ಚಿದರು, ಗೆಥಿನ್. ಮುಚ್ಚಿಸಿದವಳು ನಾನು.

ನನ್ನ ಕೆಲಸ ನಿನಗೆ ಗೊತ್ತು. ಡಾಕ್ಟರು ಗೀಚಿದ್ದನ್ನು ಓದಿ, ಯಾರು ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರು ಎಂದು ಕಂಪ್ಯೂಟರಿಗೆ ಹಾಕುವುದು. ಎದುರುಮನೆಯ ಪ್ರೊಸರ್ ಅಜ್ಜಿ ಒಮ್ಮೆ ಮಗನನ್ನು ಆಸ್ಪತ್ರೆಗೆ ಸೇರಿಸಿ ನೇರ ನನ್ನ ಕಿಟಕಿಗೆ ಬಂದಳು. "ಕುಡಿದದ್ದು ಅಂತ ಬರೀಬೇಡ ಕಣೇ. ಶಾಲೇಲಿ ಪಾಠ ಹೇಳೋನು ಅವ್ನು. ಭಾನುವಾರ ಚರ್ಚಲ್ಲಿ ನಾನು ಹೇಗೆ ತಲೆ ಎತ್ಲಿ?" ಮೆಟ್ಟಿಲಿನಿಂದ ಬಿದ್ದ ಎಂದು ಹಾಕಿದೆ. ಸುದ್ದಿ ಬಾಯಿಂದ ಬಾಯಿಗೆ ಹರಡಿತು, ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಹೊಟ್ಟೆನೋವು, ತಲೆಸುತ್ತು, ಮತ್ತೆ ಮೆಟ್ಟಿಲು. ನಾನು ಬರೆದಷ್ಟು ಮೆಟ್ಟಿಲು ನಮ್ಮ ಕಣಿವೆಯ ಎಲ್ಲ ಮನೆ ಸೇರಿಸಿದರೂ ಸಿಗಲಿಕ್ಕಿಲ್ಲ. ಕ್ರಿಸ್‌ಮಸ್ಸಿಗೆ ಅವರೆಲ್ಲ ಕೇಕು ತಂದುಕೊಟ್ಟರು. ನಾಚಿಕೆಯಿಲ್ಲದೆ ತಿಂದೆ. ಊರಿನ ಮಾನ ಕಾಯುತ್ತಿದ್ದೇನೆ ಎಂಬ ಜಂಬ ಬೇರೆ.

ಪ್ರತಿ ವರ್ಷ ಮೇಲಿನ ಕಚೇರಿಯಿಂದ ಒಂದು ನಕ್ಷೆ ಬರುತ್ತದೆ. ಕುಡಿತದಿಂದ ಆಸ್ಪತ್ರೆ ಸೇರಿದವರು ಹೆಚ್ಚಿರುವ ಕಡೆ ಕಡುಗೆಂಪು. ಸುತ್ತಲಿನ ಕಣಿವೆಗಳೆಲ್ಲ ಕೆಂಪೇರುತ್ತಾ ಹೋದವು, ನಮ್ಮದೊಂದೇ ಬೆಳ್ಳಗಾಯಿತು. "ನಿಮ್ಮ ಜನ ಸುಧಾರಿಸಿಬಿಟ್ರಲ್ಲ!" ಎಂದು ಅಧಿಕಾರಿಯೊಬ್ಬ ಬಂದು ಎಲ್ಲರ ಕೈ ಕುಲುಕಿದ, ನನ್ನದನ್ನೂ. ಆಮೇಲೆ ಎಂಟು ಹಾಸಿಗೆಯ ವಾರ್ಡಿಗೆ ಬೀಗ ಬಿತ್ತು. ಈಗ ಅಲ್ಲಿ ಮುರಿದ ಗಾಲಿಕುರ್ಚಿಗಳಿವೆ.

ದೂರದ ಊರಿನ ಹಾಸಿಗೆಗೆ ಕಾದು ಕಾದು ಪ್ರೊಸರ್ ಅಜ್ಜಿಯ ಮಗ ಏಪ್ರಿಲ್‌ನಲ್ಲಿ ತೀರಿಕೊಂಡ. ಮಣ್ಣಿಗೆ ನಾನೂ ಹೋಗಿದ್ದೆ. ಅಜ್ಜಿ ನನ್ನ ಕೈ ಹಿಡಿದು, "ನೀನೊಬ್ಳು ನಮ್ಮ ಮಾನ ಉಳಿಸ್ದೆ, ಮಗಳೇ" ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳಿಗೆ ಇನ್ನೂ ನಿಜ ಹೇಳಿಲ್ಲ.

ಮುಂದಿನ ಶುಕ್ರವಾರ ದೊಡ್ಡ ಡಾಕ್ಟರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ಹಳೆಯ ಕಡತಗಳು ನೆಲಮಾಳಿಗೆಯಲ್ಲಿವೆ, ತೆಗೆದು ಓದಲಿ, ಲೆಕ್ಕ ತಿದ್ದಲಿ, ವಾರ್ಡು ತೆರೆಯಲಿ. ನನ್ನ ಕೆಲಸ ಹೋಗುತ್ತದೆ. ಹೋಗಲಿ.

ಮೈ ಬೆಚ್ಚಗಿಟ್ಟುಕೋ, ಸೂಪು ನೀರಾದರೂ ಕುಡಿ. ದೇವರು ನಿನ್ನ ಪಕ್ಕದ ಹಾಸಿಗೆಯಲ್ಲೇ ಇರಲಿ.

ನಿನ್ನ ಅಕ್ಕ,
ನೆಸ್ಟಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಮೊದಲ ಸುಳ್ಳು ಪ್ರೊಸರ್ ಅಜ್ಜಿಯ ಮಗನದಲ್ಲ, ನಿನ್ನದು. ನಿನಗಾಗ ಇಪ್ಪತ್ತೆರಡು, ನೀನು ತಲೆ ಒಡೆದುಕೊಂಡು ಬಂದಿದ್ದೆ. ಡಾಕ್ಟರು "ಕುಡಿತ. ವಾರ್ಡಿಗೆ ಕಳಿಸಿ" ಎಂದು ಬರೆದಿದ್ದರು. ಮನೆಯ ಹೆಸರು ಕೆಟ್ಟೀತೆಂದು ಆ ಹಾಳೆಯನ್ನು ಕೈಚೀಲಕ್ಕೆ ತುರುಕಿ, ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಎಂದು ಹಾಕಿದೆ. ಅದು ಜುಲೈ ತಿಂಗಳು. ಯಾರೂ ಕೇಳಲಿಲ್ಲ. ಶುಕ್ರವಾರ ಮೊದಲು ತೋರಿಸಬೇಕಾದದ್ದು ಆ ಹಾಳೆಯನ್ನೇ. ಬೇಡವೆನ್ನಿಸಿದರೆ ಅಷ್ಟರೊಳಗೆ ಬರೆ. ನನ್ನನ್ನು ಬೈಯಬೇಕೆನ್ನಿಸಿದರೂ ಬರೆ. ಆ ದಿನ ವಾರ್ಡಿನಲ್ಲಿ ಎರಡು ಹಾಸಿಗೆ ಖಾಲಿ ಇದ್ದವು, ಗೆಥಿನ್.