ನೋಡ್ತಾ ಇದೀವಿ ಅಂದವರು

ಗುಂಡಾ,

ಮುಖ ತೊಳೆಯುವುದಕ್ಕೂ ಮೊದಲು ಇದನ್ನು ಓದು. ಫೋನ್ ಉಜ್ಜುವುದು ಆಮೇಲೆ.

ನೀನು ಗೊರಕೆ ಹೊಡೆಯುತ್ತಿದ್ದಾಗ, ನಾವು ಬಾಡಿಗೆಗೆ ಕೊಟ್ಟ ಮನೆಯ ಅಡುಗೆಮನೆಯಲ್ಲಿ ಛಾವಣಿಯ ಗಾರೆ ಕಳಚಿ ಬಿದ್ದಿದೆ. ಬಿದ್ದದ್ದು ಬಾಡಿಗೆಯವಳ ಮಗು ಕೂರುವ ಕುರ್ಚಿಯ ಮೇಲೆ. ಪುಣ್ಯಕ್ಕೆ ಮಗು ಅದರಮ್ಮನ ಸೊಂಟದ ಮೇಲಿತ್ತು.

ನೀರು ಸೋರುತ್ತಿದೆ ಎಂದು ಅವಳು ಬೇಸಿಗೆಯಿಂದ ಬಡಕೊಳ್ಳುತ್ತಿದ್ದಾಳೆ. ಮನೆ ನೋಡಿಕೊಳ್ಳಲೆಂದು ಕಮಿಷನ್ ಕೊಟ್ಟು ಇಟ್ಟ ಕಂಪನಿಯ ಉತ್ತರ ಒಂದೇ: “ನೋಡ್ತಾ ಇದೀವಿ ಮೇಡಂ.” ನೋಡುತ್ತಲೇ ಇದ್ದರು, ಬಿತ್ತು. ಕಂಪನಿ ಬದಲಾಯಿಸೋಣ ಎಂದಾಗಲೆಲ್ಲ ನೀನು ಹೇಳಿದ್ದೇನು? “ಅವ್ನು ನನ್ ಫ್ರೆಂಡ್ ಅಕ್ಕಾ, ನೋಡೋಣ.” ಬೆಂಕಿ ಬಿತ್ತು ನಿನ್ನ ದಾಕ್ಷಿಣ್ಯಕ್ಕೆ!

ನಾನು ಹೊಸ ಕಂಪನಿಯ ಕಾಗದಕ್ಕೆ ಸಹಿ ಹಾಕಲು ಹೊರಟಿದ್ದೇನೆ. ಫೋನಿನಲ್ಲಿ ಅಲ್ಲಿಯ ಹೆಂಗಸು ಕೇಳಿದ ಮೊದಲ ಮಾತು, “ಮಗುಗೆ ಏನೂ ಆಗಿಲ್ಲ ತಾನೇ?” ನಿನ್ನ ಫ್ರೆಂಡ್ ಕೇಳಿದ್ದು, “ಫೋಟೋ ಕಳಿಸ್ತೀರಾ ಮೇಡಂ, ನೋಡ್ತೀವಿ.”

ನೀನು ಈಗಲೇ ಅವನ ಆಫೀಸಿಗೆ ಹೋಗಿ, ಅವರನ್ನು ನಮ್ಮ ಕೆಲಸದಿಂದ ಬಿಡಿಸಿದ್ದೇವೆ ಎಂದು ಹೇಳಿ, ಆ ಮನೆಯ ಬೀಗದ ಕೈ ಇಸಕೊಂಡು ಬಾ. ಕಾಫಿ ಕೊಟ್ಟರೆ ಕುಡಿದು ಕರಗಿಬಿಡಬೇಡ.

ಬರುವಾಗ ಮಗುವಿಗೆ ಹಾಲು ತಾ.

ಹೌದು, ಮಗುವಿಗೇ. ಛಾವಣಿ ರಿಪೇರಿ ಆಗುವವರೆಗೆ ತಾಯಿ, ಮಗು ನಿನ್ನ ರೂಮಿನಲ್ಲಿರುತ್ತಾರೆ. ನಿನ್ನ ಬಟ್ಟೆಯ ಗುಡ್ಡೆ ಎತ್ತು. ನೀನು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅಂಗಾತ ಮಲಗು. ಇಲ್ಲಿಯ ಛಾವಣಿ ಗಟ್ಟಿಯಾಗಿದೆ, ಎಷ್ಟು ಬೇಕಾದರೂ ನೋಡ್ತಾ ಇರು.

ಅಕ್ಕ